ಸ್ಕೋರ್ ಎಷ್ಟಾತು

ಗೋಲ್‌ಕಂಬಕ್ಕೆ ನಿನ್ನ ತಲೆ ಬಡಿದ ಸದ್ದು
ನನಗೆ ಕೇಳಿಸಲಿಲ್ಲ, ನೀಲವ್ವ.
ವಾಸ್ಕೋದ ಆ ಮೈದಾನದ ಮೇಲೆ ಅದೇ ಗಳಿಗೆಗೆ
ವಿಮಾನವೊಂದು ಹೊಟ್ಟೆ ತೋರಿಸುತ್ತ ಇಳಿಯುತ್ತಿತ್ತು.
ಕಂಡದ್ದಿಷ್ಟು: ಚೆಂಡು ನಿನ್ನ ಎದೆಯಲ್ಲಿತ್ತು,
ನೀನು ಬಿದ್ದಿದ್ದೆ,
ಎದ್ದೆ.

ಎದ್ದೆಯಲ್ಲ, ಅಷ್ಟು ಸಾಕಾಯಿತು ನಮಗೆ.
‘ಏಳ್, ಏನೂ ಆಗಿಲ್ಲ, ಜ್ವಾಳದ ರೊಟ್ಟಿ ತಿಂದಾಕಿ ನೀ!’
ಗೆರೆಯಾಚೆ ನಿಂತು ಕೂಗಿದವನು ನಾನೇ.
ರಕ್ತವಿಲ್ಲ, ಬಾವಿಲ್ಲ, ಮೊಣಕಾಲಿಗೆ ಕೆಂಪುಮಣ್ಣು ಮಾತ್ರ.
ಗೌಂಡಿಯ ಮಕ್ಕಳು ನಾವು,
ಬಿರುಕು ಕಂಡರಷ್ಟೇ ಗೋಡೆ ಕೆಟ್ಟಿತೆಂದು ಕಲಿತವರು.

ಫಿಲೋಮೆನಾ ಬಾಯಿ ನಿನ್ನ ಕಾಲು ನೋಡುತ್ತಿದ್ದಳು.
ಚೆಂಡಿಟ್ಟು, ಯಾವ ಕಡೆ ಒದೆಯಬೇಕೆಂದು ತಿಳಿಯದೆ
ನಿಂತೇ ಇದ್ದೆ ನೀನು,
ಸಂತೆಯಲ್ಲಿ ಸೆರಗು ತಪ್ಪಿದ ಕೂಸಿನ ಹಾಗೆ.
ಅವಳು ಸೀದಾ ಒಳನುಗ್ಗಿದಳು. ರೆಫ್ರಿ ಬೈದ.
‘ಇದು ಯಾವ ಮೈದಾನ?’
‘ಮೈದಾನ.’
‘ಕೊನೇ ಗೋಲು ಯಾರದು?’
ನೀನು ನಕ್ಕೆ.
ಲೆಕ್ಕದ ಮಾಸ್ತರರ ಮುಂದೆ ನಗುತ್ತಿದ್ದ ನಗೆಯಲ್ಲ ಅದು.
ಅದರ ಹಿಂದೆ ಯಾರೂ ಇರಲಿಲ್ಲ.

‘ಹೊರಗೆ. ಇವತ್ತಿಗೆ ಮುಗೀತು,’ ಅಂದಳು.
ಕಾಯ್ತಾನ್ ಸರ್ ಕೈ ಮುಗಿದರು, ಇನ್ನು ಎಂಟೇ ನಿಮಿಷ.
ನಾನೂ ಅಂದೆ: ಸೆಮಿಫೈನಲ್ ಬಾಯಿ, ಎಂಟೇ ನಿಮಿಷ.
ಅವಳು ಮಾತಾಡಲಿಲ್ಲ.
ನಿನ್ನ ಕೈಗವಸು ಕಳಚಿ ತನ್ನ ಚೀಲಕ್ಕೆ ಹಾಕಿ
ಜಿಪ್ ಎಳೆದಳು.

ಮೀನಿನ ಐಸು ಹೊರುವ ನನ್ನ ಟೆಂಪೋದಲ್ಲಿ, ಬಾಂಬೋಳಿಯ ದಾರಿ.
‘ಸ್ಕೋರ್ ಎಷ್ಟಾತಣ್ಣ?’
ಒಂದು-ಒಂದು.
ಚಿಕಲಿಮ್ ದಾಟಿತು. ‘ಸ್ಕೋರ್ ಎಷ್ಟಾತು?’
ಒಂದು-ಒಂದು, ನೀಲಾ.
ಐದನೇ ಸಲ, ಝುವಾರಿ ಸೇತುವೆಯ ನಡುಮಧ್ಯೆ ವಾಂತಿ ಮಾಡಿ
ಬಾಯಿ ಒರೆಸಿಕೊಂಡು, ಮೊದಲ ಸಲದ ಅದೇ ಆಸೆಯಲ್ಲಿ:
‘ಸ್ಕೋರ್ ಎಷ್ಟಾತಣ್ಣ?’
ಗೆದ್ವಿ, ಅಂದೆ.
ಎಷ್ಟು ಹಿಗ್ಗಿದೆ!
ಅರ್ಧ ಕಿಲೋಮೀಟರು ಬಾಳಿತು ಆ ಗೆಲುವು.

ಸ್ಕ್ಯಾನಿನಲ್ಲಿ ಏನೂ ಕಾಣುವುದಿಲ್ಲ, ಅಂದರು ಡಾಕ್ಟರು.
ಏನೂ ಆಗಿಲ್ಲ ಅಂತಲ್ಲ, ಎಂದೂ ಅಂದರು.
ಮೊದಲ ದಿನಗಳಲ್ಲಿ ಕಿಟಕಿಗೆ ಅಪ್ಪನ ಲುಂಗಿ ಕಟ್ಟಿದೆವು.
ಸಾಸಿವೆ ಸಿಡಿಯುವುದು ನಿನಗೆ ತಡೆಯದೆಂದು
ಅವ್ವ ವಾರವಿಡೀ ಒಗ್ಗರಣೆಯಿಲ್ಲದ ಸಾರು ಮಾಡಿದಳು,
ಜೀವನದಲ್ಲಿ ಮೊದಲ ಸಲ.
ಆಮೇಲೆ ನಲ್ಲಿಯತನಕ ನಡಿಗೆ. ಆಮೇಲೆ ಚರ್ಚಿನತನಕ.
ನಡುವೆ ಒಂದು ದಿನ ಸುಳ್ಳು ಹೇಳಿದೆ ನೀನು, ತಲೆನೋವಿಲ್ಲವೆಂದು.
ಬಾಯಿ ನಿನ್ನ ಕಣ್ಣು ನೋಡಿ, ಮತ್ತೆ ನಲ್ಲಿಯತನಕ ಅಂದಳು.

ಇವತ್ತು ಇಪ್ಪತ್ತೆರಡನೇ ದಿನ. ಓಡಿ ಬಂದು,
ಟೆಂಪೋದ ಹಿಂದಿನ ಐಸುಚೂರು ಕುತ್ತಿಗೆಗೆ ಒತ್ತಿಕೊಂಡು ಕೇಳಿದೆ:
‘ಅಣ್ಣಾ, ನಾ ಬಿದ್ದಾಗ ಗೆರಿ ಕಡಿಂದ
ನೀ ಏನೋ ಒದರಿದ್ದಿ. ಏನಂದಿದ್ದಿ?’

ನೆನಪಿಲ್ಲವ್ವ, ಅಂದೆ.