ಗೀರು

ದುರ್ಗಿಗುಡಿಯಲ್ಲಿ ನಮ್ಮಪ್ಪನ ಹೊಲಿಗೆ ಮೆಷಿನ್ ರಿಪೇರಿ,
ಅದರ ಗೋಡೆಗೆ ಗೋಡೆ ಅಂಟಿಕೊಂಡು
ಸಿರಿಲ್ ರೆಕಾರ್ಡಿಂಗ್ ಸೆಂಟರ್.
ಒಬ್ಬರು ಒಳಗೆ ನಿಂತರೆ ಇನ್ನೊಬ್ಬರು
ಮೋರಿಯ ಚಪ್ಪಡಿ ಮೇಲೆ ಕಾಯಬೇಕು.
ಅರವತ್ತರ ಕ್ಯಾಸೆಟ್ಟಿಗೆ ಇಪ್ಪತ್ತೆರಡು ರೂಪಾಯಿ,
ಹಳೇದು ತಂದರೆ ಅಳಿಸಿ ತುಂಬಲು ಹತ್ತು.
ನನ್ನ ಅಕ್ಷರ ದುಂಡಗಿದೆಯೆಂದು
ಹಾಡಿನ ಪಟ್ಟಿ ಬರೆಯುವ ಕೆಲಸ ನನಗೆ.
ಕಾರ್ಡಿಗೆ ನಾಲ್ಕಾಣೆ, ಶನಿವಾರ ಲೆಕ್ಕ.

ರೇಡಿಯೋದ ಹುಡುಗಿ ಈಗ ಎಂಬತ್ತರ ದಶಕವನ್ನು
ಸುವರ್ಣಯುಗ ಎನ್ನುತ್ತಾಳೆ.
ಸುವರ್ಣ ಎಲ್ಲಿತ್ತು ಮಾರಾಯ್ತಿ,
ಇದ್ದದ್ದು ಕಂದು ಟೇಪು. ಸಿಕ್ಕಿಕೊಂಡರೆ
ಅಪ್ಪನ ಬಾಬಿನ್ ಕಡ್ಡಿ ತೂರಿಸಿ ಸುತ್ತಬೇಕು.

ಜನ ಚೀಟಿ ತರುತ್ತಿದ್ದರು.
ಸಿಗರೇಟು ಪ್ಯಾಕಿನ ಒಳಮೈ, ಹರಿದ ಕ್ಯಾಲೆಂಡರು;
ಮೆಗ್ಗಾನ್ ಆಸ್ಪತ್ರೆಯ ನರ್ಸ್ ಫಿಲೋಮಿನಾ
ಔಷಧಿ ಚೀಟಿಯಲ್ಲೇ ಬರೆದಿದ್ದರು:
ದಿನಕ್ಕೆ ಮೂರು ಬಾರಿ, ಊಟದ ನಂತರ,
ಅದರ ಕೆಳಗೆ ಆರು ಹಾಡು.
ಸಾಗರದ ರೂಟಿನ ಡ್ರೈವರ್ ದ್ಯಾವಪ್ಪನಿಗೆ
ಅಳುವ ಹಾಡು ಒಂದೂ ಕೂಡದು.
"ಆನಂದಪುರದವರೆಗೆ ಕುಣಿಯೋದು ಹಾಕಿ,
ಆಮೇಲೆ ಹೆಂಗೂ ನಿದ್ದೆ ಮಾಡ್ತಾರೆ."
ಭದ್ರಾವತಿ ಕಾರ್ಖಾನೆಯ ಸೆಲ್ವರಾಜ್ ಕತ್ತು ಬಗ್ಗಿಸಿ
ತೊಂಬತ್ತು ನಿಮಿಷವೂ ಒಂದೇ ಹಾಡು ಕೇಳಿದ.
ಆ ಕಡೆ ಹತ್ತು ಸಲ, ಈ ಕಡೆ ಹತ್ತು ಸಲ.
ನಾನು ಇಪ್ಪತ್ತು ಸಾಲೂ ತುಂಬಿಸಿ ಬರೆದೆ.
ಯಾರಿಗೆ ಕೊಟ್ಟನೋ, ಅವಳು ಕೇಳಿದಳೋ,
ನಾಲ್ಕಾಣೆ ಮಾತ್ರ ಬಂತು.

ಆ ವರ್ಷ ಊರಿಗೆ ಊರೇ ಹಿಡಿದುಕೊಂಡ ಹಾಡು ಅದು.
ಹೆಸರು ಹೇಳುವುದಿಲ್ಲ,
ಹೇಳಿದರೆ ನಾಳೆಯವರೆಗೆ ನಿಮ್ಮ ಬಾಯಿ ಬಿಡುವುದಿಲ್ಲ.
ಎರಡನೇ ಚರಣದಲ್ಲಿ ಹುಡುಗ ದೋಣಿ ಬಿಚ್ಚುತ್ತಾನೆ,
ಇರುಳಿಡೀ ಹುಟ್ಟು ಹಾಕುತ್ತಾನೆ,
ದಡಕ್ಕೆ ಬರುತ್ತಾನೆ.

ಸಿರಿಲ್ ಅಂಕಲ್ ಊಟಕ್ಕೆ ಹೋದಾಗ
ಪಟ್ಟಿಗೆ ಹಾಡಿನ ಸಾಲು ಸರಿಯಾಗಿ ಕೇಳೋಣವೆಂದು
ಮುಳ್ಳು ಎತ್ತಿದೆ.
ಬಳೆ ತಗುಲಿತು.
ತಟ್ಟೆಯ ಮೇಲೆ ಒಂದು ಕೂದಲೆಳೆ.

ಅಂಕಲ್ ತಮ್ಮ ಬೆಕ್ಕನ್ನು ಬೈದರು.
ಇನ್ನೊಂದು ತಟ್ಟೆ ತರಿಸಲು ಬೆಂಗಳೂರಿಗೆ ಬರೆದರು, ಸ್ಟಾಕ್ ಇಲ್ಲ.
"ಹೋಗ್ಲಿ ಬಿಡು, ಎರಡನೇ ಚರಣ ಯಾರು ಕೇಳ್ತಾರೆ."
ಹಾಗೇ ತುಂಬಿದರು, ಇನ್ನೂರು, ಮುನ್ನೂರು.
ಹುಡುಗ ದೋಣಿ ಬಿಚ್ಚಿದ, ಟಕ್,
ದಡದಲ್ಲಿದ್ದ.
ಬಸ್ಸಿನ ಡ್ಯಾಶ್‌ಬೋರ್ಡಿನಲ್ಲಿ, ಲಾರಿಯಲ್ಲಿ, ಬೀಗರ ಚೀಲದಲ್ಲಿ
ಹೊಸನಗರ, ಸೊರಬ, ಶಿಕಾರಿಪುರ;
ಅಲ್ಲಿ ಅದರಿಂದ ಇನ್ನೊಂದು, ಇನ್ನೊಂದರಿಂದ ಮತ್ತೊಂದು.
ದನಿ ಸವೆಯಿತು, ಗೀರು ಸವೆಯಲಿಲ್ಲ.

ಕಳೆದ ತಿಂಗಳು ಮೈದುನನ ಮಗಳ ರಿಸೆಪ್ಷನ್.
ಹುಬ್ಬಳ್ಳಿಯ ಆರ್ಕೆಸ್ಟ್ರಾ, ಬೆಳ್ಳಿ ಕೋಟಿನ ಹುಡುಗ
ಅದೇ ಹಾಡು ಎತ್ತಿಕೊಂಡ.
ನರೆತ ತಲೆಗಳೆಲ್ಲ ಜೊತೆಗೆ ಗುನುಗಿದವು.
ಎರಡನೇ ಚರಣ.
ಅವನಿನ್ನೂ ನಡುಹೊಳೆಯಲ್ಲಿ ಹುಟ್ಟು ಹಾಕುತ್ತಿದ್ದಾನೆ,
ಛತ್ರಕ್ಕೆ ಛತ್ರವೇ ದಡದಲ್ಲಿ ನಿಂತಿದೆ.
ಹುಡುಗ ಕಕ್ಕಾಬಿಕ್ಕಿಯಾಗಿ ಕೀಬೋರ್ಡಿನವನ ಮುಖ ನೋಡಿದ.
ಜನ ಒಬ್ಬರನ್ನೊಬ್ಬರು ನೋಡಿದರು, ನಕ್ಕರು,
ಯಾಕೆ ನಕ್ಕೆವೆಂದು ಯಾರಿಗೂ ತಿಳಿಯದೆ.

ಕೈ ತೊಳೆಯುವಲ್ಲಿ ಒಬ್ಬ ಹೆಂಗಸು,
ಅವಳೂ ಜಿಗಿದಿದ್ದಳು, ನಾನು ನೋಡಿದ್ದೆ.
"ಸಿರಿಲ್ ಅಂಗಡೀದಾ?" ಅಂದೆ.
"ಯಾವ ಸಿರಿಲ್? ನಮ್ಮತ್ತೆ ಹತ್ರ ಒಂದು ಕ್ಯಾಸೆಟ್ ಇತ್ತಪ್ಪ."
ಹೇಳಿಬಿಡಲೇ ಅನ್ನಿಸಿತು.
ಬಳೆ ಮೇಲೆ ಸರಿಸಿ ಕೈ ತೊಳೆದೆ.

ಮನೆಗೆ ಬಂದು ಫೋನಿನಲ್ಲಿ ಹುಡುಕಿದೆ, ಪೂರ್ತಿ ಹಾಡು.
ಇರುಳಿಡೀ ಅಂದರೆ ನಾಲ್ಕೇ ಸೆಕೆಂಡು.
ಕಣ್ಣು ಮುಚ್ಚಿ ಮತ್ತೆ ಹಾಕಿದೆ,
ಈ ಸಲವಾದರೂ ಅವನ ಜೊತೆ ದೋಣಿಯಲ್ಲಿರೋಣವೆಂದು.
ಇಲ್ಲ.
ನನ್ನ ಕಾಲು ಆಗಲೇ ದಡದ ಮರಳಿನಲ್ಲಿ.