ಊಟ ಸಹಿತ ಎಂಟುನೂರಾ ಐವತ್ತು

ಏಳೂವರಿಗೆ ಕ್ವಾಟಿ ಕೆರಿ ದಂಡಿಗೆ ಬರ್ರಿ, ಗಾಡಿ ಕಾಯೂದಿಲ್ಲ
ಅಂತ ಹೇಳಿರತೇನಿ; ಕಾದ ಕಾಯತೇನಿ.
ಹನ್ನೆರಡು ಸೀಟಿನ ಟೆಂಪೋ, ಹದಿನಾಲ್ಕು ಮಂದಿ,
ಹಾಟ್‌ಪಾಟ್ ತುಂಬ ಜ್ವಾಳದ ರೊಟ್ಟಿ, ಡಬ್ಬಿ ತುಂಬ ಕುಂದಾ,
ಸಿದರಾಯ ಸ್ಟೇರಿಂಗಿಗೆ, ನಾನು ಬಾಜೂಕ,
ಕೈಯಾಗ ಕರ್ರ್ ಅನ್ನೂ ಮೈಕು.
ಹೆಸರು ರಿಯಾಜ ಕಿಲ್ಲೇದಾರ. ಕಿಲ್ಲೇ ನಮ್ದಲ್ರಿ, ಹೆಸರಷ್ಟ ನಮ್ದು.
ಇದು ಮೊದಲನೇ ಜೋಕು. ಇದಕ್ಕ ಎಲ್ಲಾರೂ ನಗತಾರ.

ಕ್ವಾಟಿಯೊಳಗ ಅರ್ಧಾ ತಾಸು:
ಖಂದಕ, ಬುರುಜು, ಕಮಲಬಸದಿ,
ಯಾರು ಕಟ್ಟಿದ್ರು, ಯಾರು ಕಸಗೊಂಡ್ರು.
ಮುಂದ ಕ್ಯಾಂಪು. ಅಲ್ಲಿ ಮರದ ನೆಳ್ಳು ಸುದ್ದಾ ಲೈನ್ ಹಿಡದು ಬೀಳತಾವು.
ಗೇಟಿನ ಹೊರಗಿಂದನ ತೋರಸ್ತೇನಿ, ಫೋಟೋ ಬ್ಯಾಡ್ರಿ.
ಈ ಊರಾಗ ರೈಲು ಹತ್ತಿದವರು ಹಡಗ ಹತ್ತಿದ್ರು:
ಮೆಸಪೊಟೇಮಿಯಾ, ಕೆರೆನ್, ಇಟಲಿ.
ನಾಲಿಗಿಗೆ ಹೊರಳದ ಊರುಗಳು
ತಾರಿನಾಗ ಮನೀ ಬಾಗಲಕ್ಕ ಬಂದ್ವು,
ಪೋಸ್ಟ್‌ಮನ್ನನ ಓದಿ ಹೇಳಬೇಕಾತು.

ಜಾಂಬೋಟಿ ದಾಟಿದ್ರ ಮೊಬೈಲಿಗೆ ಉಸಿರಿಲ್ಲ.
ಅಲ್ಲಿ ಸುರು ಮಾಡತೇನಿ ನನ್ನ ಸಿಪಾಯಿ ಕಥಿ:
ಇಟಲಿಯಿಂದ ತಿರುಗಿ ಬಂದಾಂವ, ಶಂಕರರಾವ ಅಂತ,
ತಲಿಯೊಳಗಿನ ತೋಫು ನಿಂದರವಲ್ಲದು,
ನಿದ್ದಿಯಿಲ್ಲದ ರಾತ್ರಿ ಕಂಬಳಿ ಹೊತಗೊಂಡು
ದಬದಬಿ ಬುಡಕ ಬಂದು ಮಲಗತಿದ್ದ,
ನೀರಿನ ಸದ್ದಿನಾಗ ತೋಫಿನ ಸದ್ದು ಮುಳಗತಿತ್ತು.
ಅರ್ಧಾ ಚಾದಂಗಡ್ಯಾಗ ಕೇಳಿದ್ದು, ಅರ್ಧಾ ನಾನ ಹೊಲದದ್ದು.
ಆರು ವರ್ಷ ಆತು, ಪ್ರತಿ ರವಿವಾರ ಮಾರತೇನಿ.
ಒಬ್ಬರಾದ್ರೂ ಕಣ್ಣು ಒರಸ್ಕೋತಾರ.

ಹೋದ ರವಿವಾರ, ಕೊನೀ ಸೀಟಿನಾಗ
ಒಬ್ಬ ಮುದುಕಿ, ಇಳಕಲ್ ಸೀರಿ, ಕಾಲಾಗ ಗಂಡಸೂರ ಬೂಟು
(ಜಿಗಣಿ ಹತ್ತತಾವಂತ ಮಮ್ಮಗ ಹಾಕಿ ಕಳಿಸಿದ್ದು).
"ಶಂಕರರಾವ ಅಲ್ಲಪಾ" ಅಂದ್ಳು. "ಪರಶರಾಮ. ನಮ್ಮಪ್ಪ."

ಸಿದರಾಯ ಗೇರ್ ಬದಲಿಸಿದ.
ನಾನು ಮೈಕು ಆರಿಸಿದೆ.

ಇಳಿಜಾರು, ಎರಡು ಕಿಲೋಮೀಟರ್ ನಡಿಗಿ.
ಅಕಿ ಬಡಗಿ ಊರಿಕೋತ ಎಲ್ಲಾರ ಹಿಂದ, ನಾನು ಅಕಿ ಹಿಂದ,
ಕಳವಿನ ಮಾಲು ಹೊತ್ತಾಂವನಂಗ.
ಕಾರವಿ ಗಿಡ. ಕಾಡುಕೋಣದ ಹೆಜ್ಜಿಯೊಳಗ ನಿಂತ ನೀರು.
ಯಾರದೋ ಹರಿದ ಚಪ್ಪಲ್ಲು.
"ಅಜ್ಜೀ, ಆ ಕಥಿ ನಾನ..." ಅಂದೆ.
"ಕಂಬಳಿ ಖರೇ" ಅಂದ್ಳು. "ತೋಫು ಸುಳ್ಳು."

ದಬದಬಿ ಮುಂದ ಯಾರ ಮಾತೂ ಯಾರಿಗೂ ಕೇಳೂದಿಲ್ಲ.
ಬಾಯಿ ತಗೀತಾವು, ಮುಚ್ಚತಾವು, ಕೈ ಕುಣೀತಾವು.
ಅಕಿ ನನ್ನ ಕಿವಿಗೆ ಬಾಯಿ ಹಚ್ಚಿ ಒದರಿದ್ಳು:

ಅಪ್ಪನ ಕಿವಿ ಎರಡೂ ಇಟಲ್ಯಾಗ ಉಳದ್ವು.
ಮನ್ಯಾಗ ನಾವು ಮೆಲ್ಲಕ ಮಾತಾಡಿದ್ರ
ತನ್ನ ಸುದ್ದೀನ ಅಂತ ತಾಟು ಒಗೀತಿದ್ದ.
ಮಳಿ ಕಡಿಮಿ ಆದ ಕೂಡ್ಲೆ ಇಲ್ಲಿಗೆ ಕರಕೊಂಡ ಬರಾಂವ.
ಬುತ್ತಿ ಬಿಚ್ಚಿ ಅವ್ವ ಕೈಸನ್ನಿಲೆ ಉಪ್ಪು ಕೇಳಾಕಿ,
ತಮ್ಮ ಒದರಿ ಒದರಿ ಸೋತು ಸುಮ್ಮನಾಗಾಂವ.
ಅಪ್ಪ ನಗತಿದ್ದ. ವರ್ಷಕ್ಕೊಮ್ಮೆ, ಇಲ್ಲಷ್ಟ.
ಇಲ್ಲಿ ನಾವೆಲ್ಲಾರೂ ಅವನಂಗ ಆಗತಿದ್ವಿ.

ಆಮ್ಯಾಲ ಬೂಟು ಕಳದು ಕಾಲು ನೀರಾಗ ಬಿಟ್ಟು
ಡಬ್ಬಿಯಿಂದ ಒಂದು ಚೂರು ಕುಂದಾ ಮುರಕೊಂಡು
ನನ್ನ ಕಡೆ ಕೈ ಮಾಡಿ ಏನೋ ಅಂದ್ಳು.
ಕೇಳಲಿಲ್ಲ. ಹೂಂ ಅಂತ ತಲಿ ಅಲ್ಲಾಡಿಸಿದೆ.

ಬರೂ ರವಿವಾರಕ್ಕ ಮತ್ತ ಹದಿನಾಲ್ಕು ಮಂದಿ ಬುಕ್ ಆಗ್ಯಾರ.
ಜಾಂಬೋಟಿ ದಾಟಿದ ಮ್ಯಾಲ ಮೈಕಿನಾಗ ಏನ ಹೇಳಲಿ?
ಹೇಳಬಹುದೇನಂತ ಅಕೀನ್ನ ಕೇಳಬೇಕಿತ್ತು.
ಅದನ್ನ ಅಂದಿರಬೇಕು ಅಕಿ, ನೀರಿನ ಮುಂದ,
ಹೇಳು ಅಂತೋ, ಹೇಳಬ್ಯಾಡ ಅಂತೋ.
ನಾನಂತೂ ಹೂಂ ಅಂದೇನಿ.