ಬಹುಶಃ

ಸಪ್ತಾಪುರದ ಇಳಿಜಾರಿನ್ಯಾಗ, ಝೆರಾಕ್ಸ್ ಅಂಗಡಿ ಮಗ್ಗಲದಾಗ
ಆರಡಿ ಅಗಲದ ಖೋಲಿ ನಂದು.
ಒಂದು ಸ್ಟೂಲು, ಒಂದು ಕನ್ನಡ ಟೈಪರೈಟರು.
'ಷ'ದ ಕೀಲಿ ಸಡ್ಲ; ಹಿಂಗಾಗಿ
ನಾ ಹೊಡದ ಪ್ರತಿ ರಾಷ್ಟ್ರನೂ
ಸಾಲಿನಿಂದ ಒಂಚೂರು ಕೆಳಗ ಜರಗಿರ್ತಿತ್ತು.
ಜಗತ್ತು ಆವಾಗ ಪುಟಕ್ಕ ಒಂದೂವರಿ ರೂಪಾಯಿ,
ಕೋಷ್ಟಕ ಇದ್ದರ ಎರಡು.

ಯುನಿವರ್ಸಿಟಿ ಗುಡ್ಡ ಇಳದು ಬರೋರು ಸಂಶೋಧಕರು,
ಬಗಲಾಗ ಕೆಂಪು ದಾರದ ಕಡತ.
ಹಿಂದೂ ಮಹಾಸಾಗರದ ಮ್ಯಾಲ ಬರದಾಂವ
ಕೆಲಗೇರಿ ಕೆರಿಗಿಂತ ದೊಡ್ಡ ನೀರು ಕಂಡಿದ್ದಿಲ್ಲ.
ನಿಶ್ಶಸ್ತ್ರೀಕರಣದಾಕಿ, ನವಲಗುಂದದ ಜೀವೂಬಾಯಿ,
ತೊಡಿ ಮ್ಯಾಲಿನ ಕೂಸು ತಟ್ಟಕೋತ ಹೇಳಾಕಿ:
'ಕ್ಷಿಪಣಿ ಎಲ್ಲೆಲ್ಲಿ ಐತಿ, ಅಲ್ಲೆಲ್ಲ ಅಡಿಗೆರಿ ಹಾಕ್ರಿ, ಮೆಲ್ಲಕ ಹೊಡೀರಿ,
ಈಗರ ಮಲಗೇತಿ.'

ತೊಂಬತ್ತೊಂದರ ಡಿಸೆಂಬರ್ ಕಡೀಕ
ಸೈಕಲ್ ಒಗದು ಓಡಿಬಂದ ಗುಡಗೇರಿ ದ್ಯಾಮಣ್ಣ.
ನಾನೂರಾ ಹನ್ನೆರಡು ಪುಟ,
ಬೈಂಡಿಂಗಿಗೆ ಹೋಗೂದೊಂದ ಬಾಕಿ.
'ಅಕ್ಕಾರ, ದೇಶನ ಇಲ್ಲದಂಗಾತು.'
'ಯಾವ್ದೋ?'
'ನಂದು,' ಅಂದ.

ನಾಕು ರಾತ್ರಿ ಕುಂತೆ.
ಬಿಳಿ ಮದ್ದಿನ ಕುಂಚ ಹಿಡದು
'ಇದೆ' ಇದ್ದಲ್ಲೆಲ್ಲ 'ಇತ್ತು' ಮಾಡಿದೆ.
'ಇತ್ತು' ತುಸು ಅಗಲ,
ಮುಂದಿನ ಶಬ್ದಕ್ಕ ಹೆಗಲು ತಾಗತಿತ್ತು.
ಸಾವಿರದ ಅರವತ್ತು ಸಲ.
ನನ್ನ ಗಂಡ ತೀರಿದ ವರ್ಷನೂ
ಮಂದಿ ಮುಂದ ಅಷ್ಟು ಸಲ
ತಿದ್ದಿ ಮಾತಾಡಿದ್ದಿಲ್ಲ ನಾನು.

ಕಡೀ ಅಧ್ಯಾಯ ಮಾತ್ರ ಹೊಸದಾಗಿ ಬರದು ತಂದಿದ್ದ.
ಕಡೀ ಸಾಲು:
'ಇನ್ನು ಹತ್ತು ವರ್ಷಗಳಲ್ಲಿ ಗಡಿಗಳು ಅರ್ಥ ಕಳೆದುಕೊಳ್ಳುತ್ತವೆ.'
ರಾತ್ರಿ ಎರಡೂವರಿ. ಬೆರಳು ನಿಂತವು.
ನಮ್ಮ ಹಿತ್ತಲದ ಗ್ವಾಡಿ ಸಲುವಾಗಿ
ಮೈದುನನ ಕೂಡ ಹನ್ನೊಂದು ವರ್ಷದಿಂದ ಕೋರ್ಟು;
ಒಂದೂವರಿ ಮೊಳ ಜಾಗ, ಒಂದು ಕರಿಬೇವಿನ ಗಿಡ.
ಈ ಹುಡುಗ ನೋಡಿದರ
ಭೂಮಿ ಮ್ಯಾಲಿನ ಗೆರಿ ಎಲ್ಲಾ ಹತ್ತು ವರ್ಷದಾಗ ಅಂತಾನ!

ಕೇಳಲಿಲ್ಲ, ಹೇಳಲಿಲ್ಲ.
ಸಾಲಿನ ಮೊದಲಿಗೆ ಮೂರಕ್ಷರ ಹೊಡದೆ, 'ಬಹುಶಃ'.
ವಿಸರ್ಗದ ಎರಡು ಚುಕ್ಕಿ
ಒಂದರ ಮ್ಯಾಲ ಒಂದು, ಸಾಸಿವಿ ಕಾಳಿನಂಗ ಕುಂತವು.
ಅದಕ್ಕ ರೊಕ್ಕ ಹಿಡೀಲಿಲ್ಲ.

ಹ್ವಾದ ಶುಕ್ರವಾರ
ಪ್ರಮಾಣಪತ್ರದ ಕಟ್ಟು ಕೊಡಾಕ ವಿಭಾಗಕ್ಕ ಹೋಗಿದ್ದೆ.
(ಈಗ ಕಂಪ್ಯೂಟರು; 'ಷ' ಎಲ್ಲಾ ಸಾಲಿನ್ಯಾಗ ನಿಂದರತಾವ.)
ಬಿಲ್ಲಿಗೆ ಸಹಿ ಆಗೋತನಕ ಹಿಂದಿನ ಸಾಲಿನ್ಯಾಗ ಕುಂತೆ.
ಉಪನ್ಯಾಸ ಕೆಂಪು ಸಮುದ್ರದ ಮ್ಯಾಲ.
ಫ್ಯಾನಿನ ಗಾಳಿಗೆ ಪಡದೆ ಉಬ್ಬಿ
ಏಡನ್ ಮುಂದ ಬಂತು, ಹಿಂದ ಹೋತು.
ಹಾವೇರಿ ಹುಡುಗ ಎದ್ದು ಕೇಳಿದ,
'ಹಡಗು ಸುತ್ತು ಹಾಕಿದರ ನಮ್ಮ ಮೆಣಸಿನಕಾಯಿ ದರ ಏನಾಗತದ್ರಿ?'
ಕುಂಟೋಜಿ ಮೇಡಮ್ಮು ಚಷ್ಮಾ ತಗದು ಒರಸಿದರು:

'ಆ ಕಾಲದ ವಿದ್ವಾಂಸರೆಲ್ಲ ಖಚಿತವಾಗಿ ಹೇಳಿದರು,
ಅಷ್ಟೇ ಖಚಿತವಾಗಿ ತಪ್ಪಿದರು.
ಇದೇ ವಿಭಾಗದ ಒಬ್ಬರು ಮಾತ್ರ ಬಹುಶಃ ಎಂದು ಬರೆದರು.
ನನಗೂ ಇವತ್ತು ಹೇಳಲು ಇರುವುದು ಆ ಶಬ್ದವೊಂದೇ.'

ಚಪ್ಪಾಳಿ.
ಮುಂದಿನ ಸಾಲಿನ್ಯಾಗ ಬೆಳ್ಳಗಾದ ತಲಿಯೊಂದು
ಎದ್ದು ಕೈ ಮುಗೀತು.
ನಾ ಸೆರಗಿನ ತುದಿ ನೋಡಕೋತ ಕುಂತೆ.

ಚಾ ಕುಡಿಯೂ ಹೊತ್ತಿನ್ಯಾಗ ಬಂದ, ಬಸಿ ಹಿಡಕೊಂಡು.
'ಅಕ್ಕಾರ, ಅದನ್ನ ಪ್ರೂಫಿನ್ಯಾಗನ ನೋಡಿದ್ದೆ.'
'ಮತ್ಯಾಕ ತಗೀಲಿಲ್ಲೋ?'
'ಬಿಳಿ ಮದ್ದು ಮುಗದಿತ್ತಲ್ರೀ.'

ಇಬ್ಬರೂ ನಕ್ಕಿವಿ. ಚಾ ಆರಿತ್ತು.
ಬಿಲ್ಲಿಗೆ ಸಹಿ ಆಗಲಿಲ್ಲ, ಸೋಮವಾರ ಬರ್ರಿ ಅಂದರು.
ಸೋಮವಾರ ಆಗೂದಿಲ್ಲ ನನಗ,
ಗ್ವಾಡಿ ಕೇಸಿನ ತಾರೀಖು ಐತಿ.